ರೈನ್ ನದಿಯ ದಂಡೆಯಲ್ಲಿ ಯುದ್ಧದ ಗುರುತುಗಳು

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ, ಸುಮಾರು 1,230 ಕಿಲೋಮೀಟರು ಹರಿದು ಉತ್ತರ ಸಮುದ್ರವನ್ನು ಸೇರುವ ರೈನ್ ನದಿಯನ್ನು ನೀವು ಭೂಪಟದಲ್ಲಿ ಗುರುತಿಸಿದ್ದೀರಿ. ಪ್ರವಾಸಿಗರ ಹಡಗುಗಳು ಆಮ್‌ಸ್ಟರ್‌ಡಾಮಿನಿಂದ ಬಾಸೆಲ್ ನಗರದವರೆಗೆ ಅದರಲ್ಲಿ ಸಂಚರಿಸುತ್ತವೆ. ದ್ರಾಕ್ಷಿಯ ತೋಟಗಳನ್ನೂ ಹಳೆಯ ಕೋಟೆಗಳನ್ನೂ ನೋಡಹೋದವರಿಗೆ ಎರಡನೆಯ ಮಹಾಯುದ್ಧದ ಗುರುತುಗಳೂ ಅಲ್ಲಿ ಎದುರಾಗುತ್ತವೆ. ಆ ದಾರಿಯಲ್ಲಿ ಇಂದು ನಾವು ಮನಸ್ಸಿನಿಂದಲೇ ಪಯಣ ಮಾಡೋಣ.

ಆಮ್‌ಸ್ಟರ್‌ಡಾಮಿನ ಕಾಲುವೆಯ ಬದಿಯಲ್ಲಿ ಒಂದು ಮನೆಯುಂಟು. ಅದರ ಹಿಂಭಾಗದಲ್ಲಿ 1942ರ ಜುಲೈ ತಿಂಗಳಿನಿಂದ ಆನ್ ಫ್ರಾಂಕ್ ಎಂಬ ಯಹೂದಿ ಬಾಲಕಿ ಮನೆಯವರೊಡನೆ ಅಡಗಿದ್ದು ದಿನಚರಿ ಬರೆದಳು. ಆಗ ಅವಳಿಗೆ 13 ವರ್ಷ. 1944ರ ಆಗಸ್ಟ್ 4ರಂದು ಸೆರೆಸಿಕ್ಕಿ, ಮರುವರ್ಷ ಬಂದೀಶಿಬಿರದಲ್ಲಿ ತೀರಿಕೊಂಡಳು. ನಿಮ್ಮಲ್ಲಿ ಅನೇಕರಿಗೆ ಅವಳದೇ ವಯಸ್ಸು. ಅವಳ ದಿನಚರಿ 1947ರಲ್ಲಿ ಅಚ್ಚಾಯಿತು. ಆ ಮನೆ 1960ರಿಂದ ವಸ್ತುಸಂಗ್ರಹಾಲಯವಾಗಿದೆ.

ರೈನಿನ ಕವಲಾದ ವಾಲ್ ನದಿಯ ಮೇಲೆ ನೈಮೇಖನ್ ನಗರವಿದೆ. 1944ರ ಸೆಪ್ಟೆಂಬರ್ 20ರಂದು ಅಮೆರಿಕದ ಸೈನಿಕರು ಹಾಡುಹಗಲಿನಲ್ಲಿ, ಗುಂಡಿನ ಮಳೆಯ ನಡುವೆ, ಕ್ಯಾನ್ವಾಸ್ ಬಟ್ಟೆಯ ದೋಣಿಗಳಲ್ಲಿ ಈ ನದಿಯನ್ನು ದಾಟಿದರು. 2013ರಲ್ಲಿ ಅಲ್ಲಿ ಹೊಸ ಸೇತುವೆಯೊಂದಾಯಿತು. ಮಡಿದ 48 ಮಂದಿಗಾಗಿ ಅದರ ಮೇಲೆ 48 ಜೊತೆ ದೀಪಗಳಿವೆ. ಸಂಜೆಯಾದೊಡನೆ ಅವು ಒಂದಾದ ಮೇಲೊಂದು ಜೊತೆಯಾಗಿ ಬೆಳಗುತ್ತವೆ. ಆ ಬೆಳಕಿನೊಂದಿಗೆ ಹೆಜ್ಜೆ ಹಾಕುತ್ತಾ ಒಬ್ಬ ಮಾಜಿ ಸೈನಿಕನು ಸೇತುವೆಯನ್ನು ದಾಟುತ್ತಾನೆ.

ಬಾಂಬುಗಳ ಪೆಟ್ಟು ತಿಂದೂ ನಿಂತಿರುವ ಕಲೋನಿನ ಮಹಾ ಇಗರ್ಜಿಯನ್ನು ದಾಟಿದರೆ ರೇಮಾಗೆನ್ ಬರುತ್ತದೆ. ಇಲ್ಲಿಯ ರೈಲು ಸೇತುವೆಯನ್ನು 1945ರ ಮಾರ್ಚ್ 7ರಂದು ಜರ್ಮನರು ಸಿಡಿಮದ್ದಿನಿಂದ ಉರುಳಿಸಲೆತ್ನಿಸಿದರು. ಅದು ಬೀಳಲಿಲ್ಲ, ಅಮೆರಿಕದ ಸೇನೆ ಅದರ ಮೇಲೆಯೇ ನದಿ ದಾಟಿತು. ಈ ಸೋಲಿಗಾಗಿ ಹಿಟ್ಲರನ ಸರಕಾರ ತನ್ನದೇ ನಾಲ್ವರು ಅಧಿಕಾರಿಗಳನ್ನು ಕೊಲ್ಲಿಸಿತು. ಹತ್ತು ದಿನಗಳ ಮೇಲೆ ಸೇತುವೆ ತಾನಾಗಿ ಕುಸಿದು, ಅದನ್ನು ದುರಸ್ತಿ ಮಾಡುತ್ತಿದ್ದ ಅಮೆರಿಕದ ಸೈನಿಕರನ್ನು ಬಲಿತೆಗೆದುಕೊಂಡಿತು. ಇಂದು ಉಳಿದಿರುವುದು ದಡದ ಕರಿಗೋಪುರಗಳು ಮಾತ್ರ. ಊರಿನವರು ಸೇತುವೆಯ ಕಲ್ಲಿನ ಚೂರುಗಳನ್ನು ಮಾರಿ ಹಣ ಕೂಡಿಸಿ, 1980ರಲ್ಲಿ ಆ ಗೋಪುರದಲ್ಲಿ ಶಾಂತಿಯ ವಸ್ತುಸಂಗ್ರಹಾಲಯವನ್ನು ತೆರೆದರು.

ಇನ್ನು ಸ್ಟ್ರಾಸ್‌ಬೂರ್ಗ್. ಗಡಿನಾಡಿನವರಾದ ನಾವು ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಈ ನಗರ 1871ರಲ್ಲಿ ಜರ್ಮನಿಗೂ, 1918ರಲ್ಲಿ ಫ್ರಾನ್ಸಿಗೂ, 1940ರಲ್ಲಿ ಮತ್ತೆ ಜರ್ಮನಿಗೂ, 1944ರಲ್ಲಿ ಮರಳಿ ಫ್ರಾನ್ಸಿಗೂ ಸೇರಿತು. ಇದ್ದ ಮನೆಯನ್ನು ಬಿಡದೆಯೇ ಒಬ್ಬ ಮುದುಕನು ನಾಲ್ಕು ಸಲ ರಾಷ್ಟ್ರ ಬದಲಿಸಬೇಕಾಯಿತು. ಆಳುವವರು ಬದಲಾದಂತೆಲ್ಲ ಶಾಲೆಯ ಭಾಷೆಯೂ ಬದಲಾಯಿತು. 1942ರಿಂದ ಈ ಸೀಮೆಯ ತರುಣರನ್ನು ಬಲಾತ್ಕಾರದಿಂದ ಜರ್ಮನ್ ಸೇನೆಗೆ ಸೇರಿಸಲಾಯಿತು. ಸಾವಿರಾರು ಮಂದಿ ಹಿಂದಿರುಗಲಿಲ್ಲ.

ಅಲ್ಲಿಯ ಚೌಕದಲ್ಲಿ 1936ರಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ತಾಯಿಯೊಬ್ಬಳು ಸಾಯುತ್ತಿರುವ ತನ್ನ ಇಬ್ಬರು ಮಕ್ಕಳನ್ನು ತಾಳಿಕೊಂಡಿದ್ದಾಳೆ. ಒಬ್ಬನು ಜರ್ಮನಿಗಾಗಿ, ಇನ್ನೊಬ್ಬನು ಫ್ರಾನ್ಸಿಗಾಗಿ ಹೋರಾಡಿದವನು. ಇಬ್ಬರ ಮೈಮೇಲೂ ಸಮವಸ್ತ್ರವಿಲ್ಲ. ತಾಯಿಗೆ ಶತ್ರು ಯಾರು, ಮಿತ್ರ ಯಾರು?

ಮಕ್ಕಳೇ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರ ನೋವು ಸಣ್ಣದಲ್ಲ. ಆದರೂ ಗೆರೆಯ ಈಚೆ ಕನ್ನಡದ ಪಾಠ ನಿಲ್ಲಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಅದೇ ವರ್ಷ ಸೇರಿತು. ಕಾಗದದ ಮೇಲಿನ ಆ ಮಾತು ಬಾಳುವುದು ತರಗತಿಯಲ್ಲಿ ಮಕ್ಕಳು ಕುಳಿತಿದ್ದರೆ ಮಾತ್ರ. ಪೋಷಕರು ಇದನ್ನು ಮರೆಯಬಾರದು.

2004ರಲ್ಲಿ ಸ್ಟ್ರಾಸ್‌ಬೂರ್ಗಿಗೂ ಎದುರುದಡದ ಜರ್ಮನ್ ಊರಾದ ಕೇಲಿಗೂ ನಡುವೆ ಕಾಲುದಾರಿಯ ಸೇತುವೆಯೊಂದಾಯಿತು. ಸೇನೆಗಳು ಕಾದಿದ ನೀರಿನ ಮೇಲೆ ಈಗ ಜನರು ಸಂಜೆಯ ತಿರುಗಾಟ ಮಾಡುತ್ತಾರೆ. ನಿಮ್ಮ ನುಡಿಯನ್ನು ಬಿಡದಿರಿ; ನೆರೆಯವನ ನುಡಿಯನ್ನೂ ಕಲಿಯಿರಿ. ಗಡಿಯಲ್ಲಿ ಹುಟ್ಟಿದವರು ಕಟ್ಟಬಹುದಾದ ಸೇತುವೆ ಇದೇ.