ಬೋರಲು ಹಾಕಿದ ಗಡಿಗೆ



ಇಂದು ನಾನು ಅಡುಗೆಮನೆಯ ಮಾತನ್ನು ಎತ್ತಿಕೊಂಡು ಬಂದಿದ್ದೇನೆ.

ಶಿರಸಿ, ಸಿದ್ದಾಪುರ, ಸಾಗರದ ಕಡೆಯವರಿಗೆ ತೊಡೆದೇವು ಗೊತ್ತು. ಆಲೆಮನೆಯ ಕಾಲ ಬಂತೆಂದರೆ ನಮ್ಮಜ್ಜಿ ಗುಂಡು ತಳದ ಮಣ್ಣಿನ ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕುತ್ತಿದ್ದರು. ನುಣ್ಣಗೆ ರುಬ್ಬಿದ ಅಕ್ಕಿಗೆ ಕಬ್ಬಿನ ಹಾಲು, ಚಿಟಿಕೆ ಅರಿಶಿನ. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನಿನ ಮೇಲೆ ಒಂದೇ ಕೈಯಲ್ಲಿ ತೊಡೆಯುತ್ತಿದ್ದರು. ಚುಂಯ್ ಎನ್ನುವಷ್ಟರಲ್ಲಿ ಅಂಚು ಬಿಟ್ಟುಕೊಳ್ಳುತ್ತಿತ್ತು. ಕಾಗದದಷ್ಟು ತೆಳುವಾದ ಆ ಹಾಳೆಯನ್ನು ಬಿಸಿಯಿರುವಾಗಲೇ ಮಡಚಬೇಕು. ಆರಿದರೆ ಗರಿಗರಿಯಾಗಿ ಮುರಿಯುತ್ತದೆ. ತೊಡೆಯುವ ಕೆಲಸವೇ ತಿಂಡಿಗೆ ಹೆಸರಾಗಿದೆ.

ನೀರು ತುಂಬುವ ಗಡಿಗೆಯನ್ನು ಕವುಚಿ ಹಾಕಿದರೆ ಕಾವಲಿಯಾಗುತ್ತದೆಂದು ಮೊದಲು ಕಂಡವರು ಯಾರೋ! ಅವರ ಹೆಸರು ಉಳಿದಿಲ್ಲ, ಆ ಕಣ್ಣು ಮಾತ್ರ ನಮ್ಮ ಅಡುಗೆಯಲ್ಲೆಲ್ಲ ಉಳಿದಿದೆ. ಕರಾವಳಿಯಲ್ಲಿ ನಾಲ್ಕು ಹಲಸಿನ ಎಲೆಗೆ ತೆಂಗಿನ ಗರಿಯ ಕಡ್ಡಿ ಚುಚ್ಚಿದರೆ ಕೊಟ್ಟೆ ಕಡುಬಿಗೆ ಪಾತ್ರೆ ಸಿದ್ಧ. ಕೇದಗೆ ಓಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಕೊಳವೆಯಂತೆ ಸುತ್ತಿದರೆ ಮೂಡೆ. ಆಕಾರ ಕೊಡುವುದೂ ಎಲೆಯೇ, ಪರಿಮಳ ಕೊಡುವುದೂ ಎಲೆಯೇ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಯಿತು, ಕಲ್ಲಂಗಡಿಯ ಸಿಪ್ಪೆಯೊಳಗಿನ ಬಿಳಿ ಭಾಗ ದೋಸೆಯಾಯಿತು.

ನಾನು ಮದುವೆಯಾಗಿ ಈ ಮುಂಬಯಿಗೆ ಬಂದ ವರ್ಷ, ಕೃಷ್ಣಾಷ್ಟಮಿಯ ಕಡುಬಿಗೆ ಹಲಸಿನ ಎಲೆಯೂ ಸಿಗಲಿಲ್ಲ, ಓಲೆಯೂ ಸಿಗಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಕೂತಿದ್ದೆ. ಪಕ್ಕದ ಮನೆಯ ಕುಂದಾಪುರದ ಅಮ್ಮ ಬಂದು, "ಲೋಟ ಇಲ್ವಾ ಮಗಾ?" ಎಂದರು. ಆರು ಸ್ಟೀಲ್ ಲೋಟಗಳಿಗೆ ಎಣ್ಣೆ ಸವರಿ, ಮುಕ್ಕಾಲು ಮಟ್ಟಕ್ಕೆ ಹಿಟ್ಟು ಹೊಯ್ದು, ಹಬೆಯಲ್ಲಿ ನಿಲ್ಲಿಸಿದರು. ಹೊಯ್ಯುವ ಮೊದಲು ಪ್ರತಿ ಲೋಟದ ತಳಕ್ಕೂ ಒಂದೊಂದು ತುಂಡು ಅರಿಶಿನ ಎಲೆ ಹಾಕಿದ್ದರು. ಲೋಟಕ್ಕೆ ಆಕಾರವಿದೆ, ಪರಿಮಳವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಂದು ನನಗೆ ಅಡುಗೆ ಕಲಿಸಿದ್ದು ಆ ಎಲೆಯ ತುಂಡು.

ಬಂಧುಗಳೇ, ಊರು ಬಿಟ್ಟು ಬಂದ ನಾವು "ಅದು ಇಲ್ಲಿ ಸಿಗಲ್ಲ" ಎಂದು ಎಷ್ಟೋ ತಿಂಡಿಗಳನ್ನು ಕೈಬಿಟ್ಟಿದ್ದೇವೆ. ತಿಂಡಿಯ ಜೊತೆಗೆ ಮಾತೂ ಹೋಗುತ್ತದೆ. ಬೋರಲು ಹಾಕು, ತೊಡೆ, ಬಾಡಿಸು, ಹೊಯ್ಯಿ: ಇವನ್ನು ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಕಲಿಯಲಾರರು, ಒಲೆಯ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಅದಕ್ಕೇ ಒಂದು ಕೋರಿಕೆ. ನಮ್ಮ ಸಂಘದ ಮುಂದಿನ ವಾರ್ಷಿಕೋತ್ಸವಕ್ಕೆ ಪ್ರತಿ ಮನೆಯಿಂದಲೂ ಒಂದು ತಿಂಡಿ ಬರಲಿ. ಮನೆಯಲ್ಲಿರುವ ಲೋಟ, ಡಬ್ಬಿ, ಎಲೆ, ಸಿಪ್ಪೆ ಯಾವುದರಿಂದಾದರೂ ಹುಟ್ಟಿದ್ದಾಗಲಿ. ಅದನ್ನು ಹೇಗೆ ಮಾಡಿದೆವೆಂದು ಮಕ್ಕಳೇ ಈ ವೇದಿಕೆಯ ಮೇಲೆ ನಿಂತು ಕನ್ನಡದಲ್ಲಿ ಹೇಳಲಿ. ಅದನ್ನು ಕೇಳಲು ನಾನು ಮೊದಲ ಸಾಲಿನಲ್ಲಿ ಕೂತಿರುತ್ತೇನೆ.