ಹಿತ್ತಿಲ ಗುಳ್ಳ

ನನ್ನ ವೃತ್ತಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವುದು. ಬದನೆಯ ವಿಷಯವಾಗಿ ಮಾತನಾಡಲು ಇವನಿಗೇನು ಅಧಿಕಾರವೆಂದು ಶ್ರೋತೃಗಳು ಕೇಳಬಹುದು. ಅಧಿಕಾರವೇನೂ ಇಲ್ಲ. ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಹಿಂದೆ, ಬಾವಿಗೂ ಬಚ್ಚಲಿಗೂ ನಡುವೆ, ಒಂದು ತುಂಡು ನೆಲವಿದೆ. ಅಲ್ಲಿ ಹನ್ನೊಂದು ವರ್ಷಗಳಿಂದ ನಾನು ಗುಳ್ಳವನ್ನು ಬೆಳೆಯುತ್ತಿದ್ದೇನೆ; ಅವುಗಳಲ್ಲಿ ಒಂದು ವರ್ಷ ಸಂಪೂರ್ಣವಾಗಿ ಸೋಲುವುದರಲ್ಲಿದ್ದೆ. ಆ ವರ್ಷದ ಕಥೆಯನ್ನು ಹೇಳುವುದೇ ಇಂದಿನ ಉದ್ದೇಶ.

ಘಟ್ಟದ ಮೇಲಿನವರಿಗೆ ಗುಳ್ಳವೆಂದರೇನೆಂಬುದನ್ನು ಮೊದಲು ತಿಳಿಸಬೇಕು. ಅದು ಬದನೆಯ ಒಂದು ತಳಿ. ಕಾಯಿ ದುಂಡು, ಬಣ್ಣ ತಿಳಿಹಸುರು, ಮೈಮೇಲೆ ಬಿಳಿಯ ಗೆರೆಗಳು, ತೊಟ್ಟಿನಲ್ಲಿ ಮುಳ್ಳು. ಮೈಸೂರಿನವರಿಗೆ ಈರನಗೆರೆಯ ಬದನೆ ಹೇಗೋ ನಮ್ಮ ಕರಾವಳಿಯವರಿಗೆ ಮಟ್ಟುವಿನ ಗುಳ್ಳ ಹಾಗೆ. ಮಟ್ಟು ಎಂಬುದು ಉಡುಪಿಗೆ ದಕ್ಷಿಣದಲ್ಲಿ, ಕಟಪಾಡಿಯ ಸಮೀಪ, ಕಡಲಿಗೆ ಅಂಟಿಕೊಂಡಿರುವ ಗ್ರಾಮ. 16ನೆಯ ಶತಮಾನದಲ್ಲಿ ಸೋದೆ ಮಠದ ಶ್ರೀ ವಾದಿರಾಜರು ಬೀಜವನ್ನಿತ್ತು ಆ ಊರವರಿಂದ ಬೆಳೆಯಿಸಿದರೆಂದು ಪ್ರತೀತಿ. ಪರ್ಯಾಯದ ಕಾಲದಲ್ಲಿ ಅಲ್ಲಿಯ ಗುಳ್ಳ ಹೊರೆಕಾಣಿಕೆಯಾಗಿ ಉಡುಪಿಯ ಕೃಷ್ಣಮಠಕ್ಕೆ ಹೋಗುತ್ತದೆ. 2011ರಲ್ಲಿ ಸರಕಾರದಿಂದ ಅದಕ್ಕೆ ಭೌಗೋಳಿಕ ಸೂಚಕವೆಂಬ ಮನ್ನಣೆಯೂ ದೊರಕಿತು. ಆದುದರಿಂದ ಬಿಜೈಯಲ್ಲಿ ಬೆಳೆದುದನ್ನು ಮಟ್ಟು ಗುಳ್ಳವೆಂದು ಕರೆಯುವ ಹಕ್ಕು ನನಗಿಲ್ಲ, ಬರಿಯ ಗುಳ್ಳವೆನ್ನುತ್ತೇನೆ. ಬೀಜ ಮಾತ್ರ ಆ ಕಡೆಯದೇ. ನನ್ನ ತಾಯಿಯ ತವರು ಕಟಪಾಡಿ. ಐವತ್ತು ವರ್ಷಗಳ ಹಿಂದೆ ಅವರು ಈ ಮನೆಗೆ ಬಂದಾಗ ಬಟ್ಟೆಯ ಗಂಟಿನಲ್ಲಿ ತಂದ ಬೀಜದ ಸಂತತಿ ಇದು.

ಅಧ್ಯಾಪಕನ ಚಾಪಲ್ಯವನ್ನು ಮನ್ನಿಸುವಿರಾದರೆ ಹೆಸರಿನ ವಿಷಯ ಒಂದು ಮಾತು. ಇಂಗ್ಲಿಷರ ಬ್ರಿಂಜಾಲ್ ಎಂಬ ಶಬ್ದ ಪೋರ್ಚುಗೀಸರ ಬೆರಿಂಜೇಲದಿಂದ ಬಂದುದು, ಅದು ಅರಬರ ಬಾದಿಂಜಾನಿನಿಂದ, ಅದು ಪಾರಸಿಯಿಂದ, ಅದರ ಮೂಲ ಸಂಸ್ಕೃತದ ವಾತಿಂಗಣವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಲೋಕವನ್ನೆಲ್ಲ ಸುತ್ತಿ ಹಡಗಿನಲ್ಲಿ ಮರಳಿ ನಮ್ಮ ಬಂದರಿಗೇ ಬಂದಿಳಿದ ಶಬ್ದ! ನೆರೆಮನೆಯ ಕೊಂಕಣಿಯವರ ವಾಂಯ್ಗಣವಾದರೋ ಊರು ಬಿಡದೆ ಇಲ್ಲಿಯೇ ಕುಳಿತಿದೆ.

ಇನ್ನು ಬೇಸಾಯ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್ ತಿಂಗಳಿಂದ ಸಪ್ಟೆಂಬರದೊಳಗೆ. ಆ ನೀರಿನಲ್ಲಿ ಗುಳ್ಳದ ಸಸಿ ನಿಲ್ಲಲಾರದು. ಆದುದರಿಂದ ಸೋಣ ತಿಂಗಳು ಕಳೆದು ಮಳೆ ಹಿಂದೆಗೆದ ಮೇಲೆ, ನವರಾತ್ರಿಯ ಆಸುಪಾಸಿನಲ್ಲಿ, ಒಂದು ಮಣ್ಣಿನ ಚಟ್ಟಿಯಲ್ಲಿ ಬೀಜ ಹಾಕುತ್ತೇನೆ. ವಾರ ಹತ್ತು ದಿನಗಳಲ್ಲಿ ಮೊಳೆಯುತ್ತದೆ. ಸಸಿ ಗೇಣುದ್ದವಾಗಲು ಸುಮಾರು ಒಂದು ತಿಂಗಳು ಬೇಕು. ಅಷ್ಟರೊಳಗೆ ನೆಲವನ್ನು ಸಿದ್ಧಪಡಿಸಬೇಕು. ನಮ್ಮದು ಮುರಕಲ್ಲಿನ ಕೆಂಪು ಮಣ್ಣು. ನೀರನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಸುಡುಮಣ್ಣು. ತರಗೆಲೆ, ಒಣಕಡ್ಡಿಗಳನ್ನು ರಾಶಿ ಮಾಡಿ, ಮೇಲೆ ಮಣ್ಣು ಹೊದಿಸಿ, ಒಳಗೊಳಗೇ ಎರಡು ಮೂರು ದಿನ ಬೇಯಲು ಬಿಡುತ್ತಾರೆ. ಮಣ್ಣು ಹುಡಿಯಾಗುತ್ತದೆ, ಬೂದಿಯ ಸತ್ತ್ವ ಸೇರುತ್ತದೆ, ಹುಳುವೂ ಕಳೆಯ ಬೀಜವೂ ನಾಶವಾಗುತ್ತವೆ. ಇದನ್ನು ಹಟ್ಟಿಗೊಬ್ಬರದೊಂದಿಗೆ ಬೆರೆಸಿ, ಎರಡು ಅಡಿಗೊಂದರಂತೆ ಸಸಿಯನ್ನು ನೆಡುತ್ತೇನೆ. ಪಕ್ಕದ ವಸತಿ ಸಮುಚ್ಚಯದವರು ಹೊಗೆಯ ವಿಷಯವಾಗಿ ಎರಡು ಸಲ ಆಕ್ಷೇಪಿಸಿದ್ದರಿಂದ ಈಗ ಸುಡುಮಣ್ಣನ್ನು ನಾನು ಹಳ್ಳಿಯಿಂದ ಗೋಣಿಯಲ್ಲಿ ತರಿಸುತ್ತೇನೆ. ಅವರ ಆಕ್ಷೇಪ ನ್ಯಾಯವಾದುದೇ.

ಹೂವು ಬರಲಾರಂಭಿಸಿದ ಮೇಲೆ ಕಾಯಿ ಕೊರೆಯುವ ಹುಳುವಿನ ಕಾಟ. ಬಾಡಿದ ಕುಡಿಯನ್ನು ಕಂಡಾಕ್ಷಣ ಚಿವುಟಿ ಬೆಂಕಿಗೆ ಹಾಕುವುದು ಮನೆಯ ಹಿತ್ತಿಲಿಗೆ ಸಾಕಾದ ಚಿಕಿತ್ಸೆ. ಈ ಹುಳುವನ್ನು ಕೊಲ್ಲುವ ಗುಣವನ್ನು ಗಿಡದಲ್ಲಿಯೇ ತುಂಬಿ ತಯಾರಿಸಿದ ಕುಲಾಂತರಿ ಬದನೆಯ ವಿಚಾರವಾಗಿ ದೇಶದಲ್ಲಿ ದೊಡ್ಡ ಚರ್ಚೆ ನಡೆದು, 2010ರ ಫೆಬ್ರವರಿ 9ರಂದು ಕೇಂದ್ರ ಸರಕಾರ ಅದರ ಬಿಡುಗಡೆಯನ್ನು ತಡೆಹಿಡಿದುದು ನಿಮಗೆ ನೆನಪಿರಬಹುದು. ಆ ವಾದದಲ್ಲಿ ನಾನು ಕೈಹಾಕುವುದಿಲ್ಲ. ನನ್ನ ಶತ್ರು ಹುಳುವಲ್ಲ.

ಆರು ವರ್ಷಗಳ ಹಿಂದಿನ ಮಾತು. ಹದಿನಾಲ್ಕು ಸಸಿಗಳನ್ನು ನೆಟ್ಟಿದ್ದೆ. ಹಿಂದಿನ ವರ್ಷ ಅದೇ ನೆಲದಲ್ಲಿ ಟೊಮೇಟೊ ಬೆಳೆದಿದ್ದೆ. ಒಂದೆರಡು ಗಿಡ ಸತ್ತುದನ್ನು ಲಕ್ಷಿಸಿರಲಿಲ್ಲ. ಡಿಸೆಂಬರದ ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದು ನೋಡುತ್ತೇನೆ, ಬೆಳಿಗ್ಗೆ ನೆಟ್ಟಗಿದ್ದ ಮೂರು ಗಿಡಗಳ ಎಲೆ ಜೋತುಬಿದ್ದಿದೆ. ಹಳದಿಯಾಗಿಲ್ಲ, ಹುಳು ತಿಂದಿಲ್ಲ, ಹಸುರಾಗಿಯೇ ಸೊರಗಿದೆ. ನೀರು ಸಾಲದೆಂದು ತಿಳಿದು ಇನ್ನಷ್ಟು ನೀರೆರೆದೆ. ಅದಕ್ಕಿಂತ ಕೆಟ್ಟ ಕೆಲಸ ಬೇರೆ ಇರಲಿಲ್ಲ. ಮಣ್ಣಿನಲ್ಲಿರುವ ಬ್ಯಾಕ್ಟೀರಿಯವೊಂದು ಬೇರಿನ ಮೂಲಕ ಒಳಸೇರಿ ನೀರು ಏರುವ ನಾಳಗಳನ್ನೇ ಕಟ್ಟಿಬಿಡುವ ರೋಗ ಅದು. ಎರೆದ ನೀರಿನೊಂದಿಗೆ ಪಕ್ಕದ ಗಿಡಕ್ಕೂ ಹರಡುತ್ತದೆ. ಕೃಷಿ ಬಲ್ಲ ಸಹೋದ್ಯೋಗಿಯೊಬ್ಬರು ಬಂದು ಸತ್ತ ಗಿಡದ ಕಾಂಡವನ್ನು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದರು. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂತಹದೊಂದು ನೀರಿಗೆ ಇಳಿಯತೊಡಗಿತು. "ಇದಕ್ಕೆ ಮದ್ದಿಲ್ಲ ಮಾರಾಯರೆ, ಕಿತ್ತು ಸುಟ್ಟುಬಿಡಿ" ಎಂದರು. ಬದನೆ, ಟೊಮೇಟೊ, ಮೆಣಸು ಒಂದೇ ಕುಲದವು. ಒಂದರ ಹಿಂದೆ ಒಂದನ್ನು ಅದೇ ಮಣ್ಣಿನಲ್ಲಿ ನೆಡಕೂಡದೆಂಬ ಪಾಠವನ್ನು ಹಾಗೆ ಕಲಿತೆ.

ಹದಿನೈದು ದಿನಗಳಲ್ಲಿ ಹನ್ನೆರಡು ಗಿಡ ಹೋದುವು. ಉಳಿದುವು ಎರಡು. ಹಳೆಯ ಬೀಜವೆಲ್ಲವನ್ನೂ ಆ ವರ್ಷವೇ ಬಿತ್ತಿ ಮುಗಿಸಿದ್ದೆ. ಕಟಪಾಡಿಯ ಸೋದರಮಾವನ ಗದ್ದೆ ಮನೆಕಟ್ಟುವ ನಿವೇಶನಗಳಾಗಿ ಹೋಗಿತ್ತು, ಅವರಲ್ಲಿ ಬೀಜವಿರಲಿಲ್ಲ. ಮಟ್ಟುವಿನಲ್ಲಿ ಬೇಕಾದಷ್ಟು ಗುಳ್ಳವಿದೆಯಲ್ಲ, ಇನ್ನೊಂದು ಹಿಡಿ ಬೀಜ ತಂದರಾಯಿತೆಂದು ಹೆಂಡತಿ ಹೇಳಿದಳು. ತರಬಹುದಾಗಿತ್ತು. ಆದರೆ ಮಟ್ಟುವಿನ ಬೀಜ ಕಡಲಂಚಿನ ಮಣ್ಣನ್ನು ಬಲ್ಲುದು. ನಮ್ಮದು ಐವತ್ತು ವರ್ಷ ಈ ಮುರಕಲ್ಲಿನ ಮೇಲೆ ಬದುಕಿ, ಬದುಕಲಾರದುದು ಪ್ರತಿವರ್ಷವೂ ಉದುರಿಹೋಗಿ, ಉಳಿದುದು. ಅಲ್ಲದೆ ಅದು ಅಮ್ಮ ತಂದ ಬೀಜ.

ಜನವರಿಯಲ್ಲಿ ಆ ಎರಡು ಗಿಡಗಳು ಐದು ಕಾಯಿ ಬಿಟ್ಟುವು. ಎಳೆಯ ಗುಳ್ಳದ ಮೈ ಹೊಳೆಯುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ಕೊಯ್ಯುವ ಹದ ಅದು. ಹೊಳಪು ಮಾಸಿತೆಂದರೆ ಒಳಗೆ ಬೀಜ ಬಲಿತು ಕಹಿಯಾಗುತ್ತದೆ. ಹದ ಬಂದ ದಿನ ಕತ್ತಿ ಹಿಡಿದು ಹೊರಟ ನನ್ನನ್ನು ಅಮ್ಮ ಜಗಲಿಯಿಂದಲೇ ತಡೆದರು. "ಆ ಗಿಡಕ್ಕೆ ಕತ್ತಿ ತಾಗಿಸಬೇಡ ಮಗ. ದೊಡ್ಡ ಕಾಯಿ ಎರಡು ಹಣ್ಣಾಗಲಿ" ಎಂದರು. ಗುಳ್ಳದ ಗೊಜ್ಜೆಂದರೆ ಪ್ರಾಣ ಬಿಡುವವರು ಅವರೇ. ಆ ವರ್ಷ ಅವರಿಗೆ ಎಪ್ಪತ್ತೊಂದು, ಆರೋಗ್ಯವೂ ಅಷ್ಟಕ್ಕಷ್ಟೇ.

ಎರಡನ್ನಲ್ಲ, ನಾಲ್ಕನ್ನು ಬಿಟ್ಟೆವು. ಬದನೆಯ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೂ ದುಂಬಿ ಪರಾಗವನ್ನು ಒಯ್ಯುವುದುಂಟು. ನೆರೆಯವರು ಆಗ ನೇರಳೆ ಬದನೆಯನ್ನು ಬೆಳೆದಿರಲಿಲ್ಲ; ಅದು ನಮ್ಮ ಭಾಗ್ಯ. ಈಗ ಬೀಜಕ್ಕೆಂದು ಆರಿಸಿದ ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟುತ್ತೇನೆ. ಕಾಯಿ ಪೂರ್ತಿ ಹಳದಿಯಾಗಿ ಮೆತ್ತಗಾದ ಮೇಲೆ ಕೊಯ್ದು, ಹಿಸುಕಿ, ನೀರಿನಲ್ಲಿ ತೊಳೆದು, ತೇಲಿದ ಜೊಳ್ಳನ್ನು ಚೆಲ್ಲಿ, ಮುಳುಗಿದ ಬೀಜವನ್ನು ಬೂದಿಯೊಡನೆ ಕಲಸಿ ನೆರಳಿನಲ್ಲಿ ಒಣಗಿಸಿದೆವು.

ಉಳಿದ ಐದನೆಯ ಕಾಯನ್ನು ಅಂದು ರಾತ್ರಿ ಸುಟ್ಟೆವು. ಗುಳ್ಳವನ್ನು ಸಾಂಬಾರಿಗೆ ಹಾಕುವವರೇ ಹೆಚ್ಚು. ನನ್ನ ಮತದಲ್ಲಿ ಸುಟ್ಟ ಗುಳ್ಳಕ್ಕೆ ಸಮನಾದುದಿಲ್ಲ. ಗ್ಯಾಸಿನ ಉರಿಯಲ್ಲಿ ಸಿಪ್ಪೆ ಕರಕಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ತೆಂಗಿನ ಗೆರಟೆಯ ಕೆಂಡವೇ ಬೇಕು. ನಮ್ಮ ಬಚ್ಚಲೊಲೆಯನ್ನು ನಾನು ಕೆಡಹದೆ ಇಟ್ಟುಕೊಂಡಿರುವುದು ಇದಕ್ಕಾಗಿಯೇ ಎಂದು ಮನೆಯಲ್ಲಿ ಹಾಸ್ಯ ಮಾಡುವುದುಂಟು. ಕಾಯಿಗೆ ತೆಂಗಿನೆಣ್ಣೆ ಸವರಿ, ಚಾಕುವಿನಿಂದ ನಾಲ್ಕು ಕಡೆ ಚುಚ್ಚಬೇಕು. ಇಲ್ಲವಾದರೆ ಒಳಗಿನ ಹಬೆಗೆ ಸಿಡಿಯುತ್ತದೆ. ಇಕ್ಕುಳದಿಂದ ತಿರುವುತ್ತಿರಬೇಕು. ಬದನೆಯ ತಿರುಳು ಗಾಳಿ ತುಂಬಿದ ಸ್ಪಂಜಿನಂತಹದು. ಕಾವು ತಾಗಿದಂತೆ ಕುಸಿದು, ಹೊಗೆಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ತೊಟ್ಟಿನ ಬುಡ ಮೆತ್ತಗಾದಾಗ ತೆಗೆದು, ಐದು ನಿಮಿಷ ತಟ್ಟೆ ಮುಚ್ಚಿಟ್ಟು, ಸಿಪ್ಪೆ ಸುಲಿಯುವುದು. ನೀರಿನಲ್ಲಿ ತೊಳೆಯಬಾರದು, ಹೊಗೆಯ ಕಂಪೆಲ್ಲ ಹೋದೀತು. ಹುಣಿಸೆಯ ರಸ, ಉಪ್ಪು, ಚೂರು ಬೆಲ್ಲ, ನುರಿದ ಗಾಂಧಾರಿ ಮೆಣಸು, ಇಂಗಿನ ನೀರು, ಸಾಸಿವೆಯ ಒಗ್ಗರಣೆ. ಮೆಕ್ಸಿಕೋ ದೇಶದವರು ಬದನೆಯ ದಾಯಾದಿಯಾದ ತೊಮಾಟಿಯೋ ಎಂಬ ಹುಳಿ ಕಾಯನ್ನು ಕಾವಲಿಯ ಮೇಲೆ ಕಪ್ಪಾಗುವಂತೆ ಸುಟ್ಟು, ಮೆಣಸಿನೊಡನೆ ಅರೆಯುತ್ತಾರಂತೆ. ಅವರಿಗೆ ಹುಣಿಸೆ ಬೇಕಾಗಲಿಲ್ಲ. ನಮಗಾದರೋ ಮೆಣಸು ಅವರ ಕಡೆಯಿಂದಲೇ ಬರಬೇಕಾಯಿತು.

ಒಂದು ಕಾಯಿಯ ಗೊಜ್ಜು ಐದು ಮಂದಿಗೆ ಒಂದೊಂದು ಚಮಚವಾಯಿತು. ಅಮ್ಮ ತನ್ನ ಪಾಲನ್ನು ಗಂಜಿಯೊಡನೆ ಉಂಡು, "ಉಪ್ಪು ತುಸು ಕಡಿಮೆಯಾಯಿತು" ಎಂದರು.

ಆ ಬೀಜವನ್ನು ಮುಂದಿನ ವರ್ಷ ಜಾಗ ಬದಲಿಸಿ ಬಿತ್ತಿದೆ. ಕೆಲವು ಸಸಿಗಳನ್ನು ಸುಂಡೆಯ ಬೇರಿಗೆ ಕಸಿ ಕಟ್ಟಿಯೂ ನೋಡಿದೆ. ಸೊರಗುರೋಗ ಸುಂಡೆಯ ಬೇರನ್ನು ಸುಲಭವಾಗಿ ಹಿಡಿಯದು. ಈಗ ಬೂದಿ ಬೆರೆಸಿದ ಬೀಜದ ಶೀಸೆಗಳು ಎರಡಿವೆ. ಒಂದು ನಮ್ಮ ಅಡುಗೆಮನೆಯ ಅಟ್ಟದಲ್ಲಿ. ಇನ್ನೊಂದು ಕಟಪಾಡಿಯಲ್ಲಿ, ಸೋದರಮಾವನ ಮನೆಯಲ್ಲಿ. ಗದ್ದೆ ಇಲ್ಲದಿದ್ದರೂ ತಾರಸಿಯ ಮೇಲೆ ಎಂಟು ಚಟ್ಟಿಗಳಲ್ಲಿ ಅವರು ಗುಳ್ಳ ನೆಟ್ಟಿದ್ದಾರೆ.