ನೂರು ಅಂಕ ಹಿಂದೆ ಬಿದ್ದದ್ದೇಕೆ?



ರಾಯಚೂರು, ದೇವದುರ್ಗ, ಮಾನ್ವಿಗಳಿಂದ ವಿದ್ಯಾರ್ಥಿವೇತನದ ಅರ್ಜಿಗಳು ಬಂದಿವೆ ಎಂದುಕೊಳ್ಳಿ. ಅಂಕಗಳು 62, 100, 9, 85. ಇವನ್ನು ಜಾವಾಸ್ಕ್ರಿಪ್ಟಿನಲ್ಲಿ ಒಂದು ಅರೇ, ಅಂದರೆ ಸಾಲುಪಟ್ಟಿ ಮಾಡಿ, ಅದರಲ್ಲೇ ಇರುವ 'ಸಾರ್ಟ್' ಬಳಸಿದರೆ ಬರುವ ಕ್ರಮ: 100, 62, 85, 9. ಏರಿಕೆಯ ಕ್ರಮವೆಂದು ನಂಬಿ ಕೊನೆಯ ಹೆಸರಿಗೆ ಹಣ ಮಂಜೂರು ಮಾಡಿದರೆ ಅದು 9 ಅಂಕದವನ ಪಾಲು! ನೂರು ಪಡೆದ ಹುಡುಗಿಗೆ ಯಾರು ಉತ್ತರ ಹೇಳಬೇಕು?

ಕಾರಣ ಸರಳ. ಹೋಲಿಸುವ ಬಗೆಯನ್ನು ನಾವು ತಿಳಿಸದಿದ್ದರೆ ಸಾರ್ಟ್ ಸಂಖ್ಯೆಗಳನ್ನು ನಿಘಂಟಿನ ಪದಗಳಂತೆ ಮೊದಲ ಅಕ್ಷರದಿಂದ ಹೋಲಿಸುತ್ತದೆ. 1ರಿಂದ ಶುರುವಾಗುವ 100 ಮುಂದೆ, 9 ಕೊನೆಗೆ. ಆದ್ದರಿಂದ ಎ, ಬಿ ಎಂಬ ಎರಡು ಅಂಕ ಪಡೆದು, ಎಯಿಂದ ಬಿಯನ್ನು ಕಳೆದ ಉತ್ತರ ಕೊಡುವ ಪುಟ್ಟ ಫಂಕ್ಷನ್ ಒಂದನ್ನು ಅದಕ್ಕೆ ಒಪ್ಪಿಸಿ. ಆಗ 9, 62, 85, 100.

ಇನ್ನೊಂದು ಮಾತು. ಸಾರ್ಟ್ ಮೂಲ ಪಟ್ಟಿಯನ್ನೇ ಬದಲಿಸುತ್ತದೆ. ಅರ್ಜಿ ಬಂದ ಕ್ರಮ ಅಳಿಸಿಹೋಗುತ್ತದೆ. 2009ರ ಆವೃತ್ತಿಯಲ್ಲಿ ಸೇರಿದ 'ಫಿಲ್ಟರ್' ಹಾಗಲ್ಲ, ಹೊಸ ಪಟ್ಟಿ ಕೊಡುತ್ತದೆ. ಅಂಕದ ಜೊತೆ ಊರನ್ನೂ ದಾಖಲಿಸಿದ್ದರೆ ಮಾನ್ವಿಯವರನ್ನು ಆರಿಸಲು ಅದೊಂದೇ ಸಾಕು. ವಿಂಗಡಣೆಗೂ 2023ರಿಂದ 'ಟುಸಾರ್ಟೆಡ್' ಇದೆ. ಬ್ರೌಸರ್ ಹಳೆಯದಾದರೆ 'ಸ್ಲೈಸ್'ನಿಂದ ಪ್ರತಿ ತೆಗೆದು, ಆ ಪ್ರತಿಯನ್ನು ವಿಂಗಡಿಸಿ.